ಕೈ ಒಣಗಿದ್ದರೆ ಅರ್ಧ ಚಳಿ ಹೋದಂತೆ

ಶಿವಮೊಗ್ಗದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ 18 ವರ್ಷದಿಂದ ಜನರ ಕೈ ಹಿಡಿದುಕೊಂಡೇ ಹೊಟ್ಟೆ ಹೊರೆಯುತ್ತಿದ್ದೇನೆ. ಡಿಸೆಂಬರ್ ಬೆಳಿಗ್ಗೆ 7 ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವರ ಕೈ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಇವತ್ತು ನರ ಸುಲಭಕ್ಕೆ ಸಿಗುವುದಿಲ್ಲ ಅಂತ. ಮೈ ತಣ್ಣಗಾದಾಗ ದೇಹ ಮಹಾ ಜಿಪುಣನಾಗುತ್ತದೆ. ಇರುವ ಬಿಸಿಯನ್ನೆಲ್ಲ ಎದೆ, ಹೊಟ್ಟೆ, ತಲೆಗೆ ಇಟ್ಟುಕೊಂಡು ಕೈಗೆ ಹೋಗುವ ರಕ್ತನಾಳಗಳನ್ನು ಬಿಗಿ ಮಾಡಿಬಿಡುತ್ತದೆ. ಅಂಥವರನ್ನು ಹತ್ತು ನಿಮಿಷ ಒಳಗೆ ಕೂರಿಸಿ, ಸ್ವೆಟರ್ ಬಿಚ್ಚಬೇಡಿ, ಕೈ ಕೆಳಗೆ ಇಳಿಬಿಡಿ ಅನ್ನುತ್ತೇನೆ. ನಿಧಾನಕ್ಕೆ ನರ ಮೇಲೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದವಳು 2019ರ ಡಿಸೆಂಬರಿನಲ್ಲಿ ಕೇದಾರಕಂಠಕ್ಕೆ ಹೋಗಿ ನನ್ನ ಬೆರಳುಗಳನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ.

ಕೇದಾರಕಂಠ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿರುವ ಶಿಖರ, ಸುಮಾರು 12,500 ಅಡಿ ಎತ್ತರ. ಡೆಹ್ರಾಡೂನಿನಿಂದ ಜೀಪಿನಲ್ಲಿ ಮಸ್ಸೂರಿ, ಪುರೋಲಾ, ಮೋರಿ ದಾಟಿ ಸಾಂಕ್ರಿ ಎಂಬ ಹಳ್ಳಿ ತಲುಪುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಅಲ್ಲಿಂದ ನಡಿಗೆ. ಹಿಮ ನೋಡಬೇಕೆಂದು ನಮ್ಮ ಕಡೆಯಿಂದ ಹೊರಟವರಲ್ಲಿ ಬಹಳ ಮಂದಿಯ ಮೊದಲ ಚಳಿಗಾಲದ ಚಾರಣ ಇದೇ. ನನ್ನದೂ ಇದೇ.

ನಾನು ಒಯ್ದಿದ್ದು ಬಸ್‌ಸ್ಟ್ಯಾಂಡ್ ಹತ್ತಿರ ಕೊಂಡ ಒಂದೇ ಜೊತೆ ಹೆಣೆದ ಗ್ಲೌಸ್. ಜೂಡಾ ಕಾ ತಾಲಾಬ್ ಅನ್ನುವ ಕೆರೆ ಹೆಪ್ಪುಗಟ್ಟಿತ್ತು. ಜೀವಮಾನದಲ್ಲಿ ಮೊದಲ ಸಲ ಹಿಮ ಕಂಡ 41ರ ಹೆಂಗಸು ಏನು ಮಾಡುತ್ತಾಳೋ ಅದನ್ನೇ ನಾನೂ ಮಾಡಿದೆ: ಉಂಡೆ ಕಟ್ಟಿ ಸಿಕ್ಕಿದವರಿಗೆಲ್ಲ ಎಸೆದೆ. ಸಂಜೆ ಹೊತ್ತಿಗೆ ಗ್ಲೌಸ್ ಹಿಂಡಿದರೆ ನೀರು. ಊರಿನ ಅಭ್ಯಾಸದಂತೆ ಟೆಂಟಿನ ಹಗ್ಗಕ್ಕೆ ಒಣಹಾಕಿದೆ. ಬೆಳಿಗ್ಗೆ ನೋಡಿದರೆ ಎರಡೂ ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ಹೆಬ್ಬೆರಳು ಮಡಚಿದರೆ ಟಪ್ಪೆಂದು ಮುರಿಯುತ್ತೇನೋ ಎಂಬಂತೆ.

ಮಾರನೇ ರಾತ್ರಿ 3 ಗಂಟೆಗೆ ಶಿಖರಕ್ಕೆ ಹೊರಟಾಗ ಅದೇ ಅರೆ ಒಣಗಿದ ಗ್ಲೌಸ್. ಒಂದು ಗಂಟೆ ನಡೆದ ಮೇಲೆ ಚಿಕ್ಕಿ ತಿನ್ನೋಣವೆಂದು ಜೇಬಿಗೆ ಕೈ ಹಾಕಿದೆ. ಕವರು ಒಡೆಯಲು ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರೆ ಚಿಕ್ಕಿ ಹಿಮಕ್ಕೆ ಬಿತ್ತು. ಬಿದ್ದದ್ದನ್ನು ಎತ್ತಲೂ ಬೆರಳು ಬಾರದು. ನಮ್ಮ ಗೈಡ್ ಗ್ಲೌಸ್ ಕಿತ್ತು ತನ್ನ ಜೇಬಿಗೆ ತುರುಕಿ, 'ದೀದಿ, ಕಂಕುಳಿಗೆ ಹಾಕಿ' ಎಂದು ಹಿಂದಿಯಲ್ಲಿ ಗದರಿ, ನನ್ನ ಜಾಕೆಟಿನ ಜಿಪ್ಪನ್ನು ತಾನೇ ಎಳೆದ. ಕಾಲು ಗಂಟೆಯ ನಂತರ ರಕ್ತ ಹಿಂದಿರುಗಿತು. ಪ್ರತಿ ಉಗುರಿನ ಬುಡಕ್ಕೂ ಒಬ್ಬೊಬ್ಬರು ಕೂತು ಸುತ್ತಿಗೆಯಲ್ಲಿ ಹೊಡೆದ ಹಾಗೆ. ನಾಚಿಕೆ ಬಿಟ್ಟು ಅತ್ತೆ. ಎರಡು ಬೆರಳ ತುದಿಯಲ್ಲಿ ತಿಂಗಳು ಪೂರ್ತಿ ಜೋಮು ಉಳಿದಿತ್ತು.

2023ರ ಜನವರಿಯಲ್ಲಿ ಮತ್ತೆ ಅದೇ ಬೆಟ್ಟಕ್ಕೆ ಹೋದೆ, ಹಟಕ್ಕೆ. ಈ ಎರಡರ ನಡುವೆ ಕಲಿತಿದ್ದನ್ನು ಬರೆಯುತ್ತಿದ್ದೇನೆ.

ಒದ್ದೆ ಎಲ್ಲಿಂದ ಬರುತ್ತದೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಎಷ್ಟು ದಪ್ಪದ ಗ್ಲೌಸ್ ಕೊಳ್ಳಲಿ ಅಂತ ಕೇಳುವ ಮೊದಲು, ಅದು ಒದ್ದೆಯಾಗದ ಹಾಗೆ ಏನು ಮಾಡಲಿ ಅಂತ ಕೇಳಬೇಕು.

ಹಿಮ ಅಂದರೆ ಒದ್ದೆ ಅಂತ ನಾವು ಅಂದುಕೊಂಡಿರುತ್ತೇವೆ. ಮೈನಸ್ 10ರಲ್ಲಿ ಹಿಮ ಅಕ್ಕಿಹಿಟ್ಟಿನ ಹಾಗೆ, ಕೊಡವಿದರೆ ಉದುರಿ ಹೋಗುತ್ತದೆ. ಮೋಸ ಮಾಡುವುದು ಬಿಸಿಲು ಬಿದ್ದ ಮಧ್ಯಾಹ್ನ, ಸೊನ್ನೆ ಡಿಗ್ರಿಯ ಆಸುಪಾಸು. ಆಗ ಹಿಮ ಮುದ್ದೆಯಾಗಿರುತ್ತದೆ, ಉಂಡೆ ಕಟ್ಟಲು ಬಲು ಸೊಗಸು, ಮುಟ್ಟಿದ್ದೆಲ್ಲ ತೊಯ್ಯುತ್ತದೆ. ಆಡುವುದಾದರೆ ಹೊರಗಿನ ಜಲನಿರೋಧಕ ಗ್ಲೌಸ್ ಹಾಕಿಕೊಂಡೇ ಆಡಿ. ಟೆಂಟಿನೊಳಗೆ ಹೋಗುವ ಮೊದಲು ಕೈ ಚಪ್ಪಾಳೆ ತಟ್ಟಿ, ಹಿಮವೆಲ್ಲ ಕೊಡವಿ ಒಳಗೆ ಹೋಗಿ; ಒಳಗಿನ ಬೆಚ್ಚಗೆಯಲ್ಲಿ ಅದು ಕರಗಿದರೆ ಕೆಲಸ ಕೆಟ್ಟಿತು.

ಎರಡನೆಯದು ಬೆವರು. ಏರು ಹತ್ತುವಾಗ ದಪ್ಪ ಗ್ಲೌಸ್ ಒಳಗೆ ಅಂಗೈ ಬೆವರುತ್ತದೆ, ನಿಂತ ಐದೇ ನಿಮಿಷದಲ್ಲಿ ಆ ಬೆವರು ಐಸಾಗುತ್ತದೆ. ಕೈ ಬಿಸಿ ಎನ್ನಿಸಿದ ಕೂಡಲೇ ಹೊರ ಪದರ ತೆಗೆಯಬೇಕು, ಬೆವರಿದ ಮೇಲಲ್ಲ. ತೆಗೆದಿದ್ದನ್ನು ಹಿಮದ ಮೇಲೆ ಇಡಬಾರದು, ಜಾಕೆಟಿನೊಳಗೆ ಎದೆಯ ಮೇಲೆ ಇಡಬೇಕು.

ಮೂರನೆಯ ಒದ್ದೆಯ ಬಗ್ಗೆ ಯಾರೂ ಹೇಳುವುದಿಲ್ಲ. ಅದು ನಾವು ಕೈಯಾರೆ ಮಾಡಿಕೊಳ್ಳುವುದು: ಊಟ, ತಟ್ಟೆ ತೊಳೆಯುವುದು. ಆ ವಿಚಾರ ಮುಂದೆ.

ಮೂರು ಪದರ

ಒಳಗೆ ತೆಳುವಾದ ಒಂದು ಜೊತೆ, ಸಿಂಥೆಟಿಕ್ ಅಥವಾ ಮೆರಿನೋ ಉಣ್ಣೆಯದು. ನಡುವೆ ಉಣ್ಣೆ ಅಥವಾ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ). ಹೊರಗೆ ನೀರು, ಗಾಳಿ ತಡೆಯುವ ಕವಚ. ಹತ್ತಿಯದು ಮಾತ್ರ ಬೇಡವೇ ಬೇಡ. ನೀರು ಕುಡಿದರೆ ಬಿಡುವುದಿಲ್ಲ.

ಉಣ್ಣೆಯ ಬಗ್ಗೆ ನನಗೆ ಪಾಠ ಮಾಡಿದ್ದು ಅಪ್ಪ, ಬಾಯಿ ಬಿಡದೆ. ಸಾಗರದ ಹತ್ತಿರದ ನಮ್ಮ ತೋಟದಲ್ಲಿ ಮಳೆಗಾಲಪೂರ್ತಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಕೆಲಸ. ಸಂಜೆ ಮನೆಗೆ ಬಂದಾಗ ಕಂಬಳಿ ಎತ್ತಲಾರದಷ್ಟು ಭಾರ, ತುದಿಯಿಂದ ನೀರು ಇಳಿಯುತ್ತಿತ್ತು, ಅಪ್ಪನ ಬೆನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಇಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ನಡುವಿನ ಪದರಕ್ಕೆ ನನ್ನ ಮತ ಉಣ್ಣೆಗೆ.

ಆದರೆ ಅಂಗಡಿಯಲ್ಲಿ ಉಣ್ಣೆ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಬೂದಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿ ಕಟ್ಟಿದರೆ ಅಕ್ರಿಲಿಕ್. ಅಕ್ರಿಲಿಕ್ ಆದರೂ ಹತ್ತಿಗಿಂತ ವಾಸಿ ಅನ್ನಿ.

ಹೊರಕವಚಕ್ಕೆ ಐದು ಬೆರಳಿನದ್ದಕ್ಕಿಂತ ಮಿಟನ್ ಒಳ್ಳೆಯದು. ಹೆಬ್ಬೆರಳಿಗೊಂದು ಕೋಣೆ, ಉಳಿದ ನಾಲ್ಕಕ್ಕೂ ಒಂದೇ ಕೋಣೆ. ಚಳಿಯಲ್ಲಿ ಮಕ್ಕಳು ಒಂದೇ ಹೊದಿಕೆಯಲ್ಲಿ ಮಲಗಿದ ಹಾಗೆ, ಬೆರಳುಗಳು ಪರಸ್ಪರ ಬಿಸಿ ಕೊಟ್ಟುಕೊಳ್ಳುತ್ತವೆ. ಜಿಪ್ಪು ಎಳೆಯಲು ಕಷ್ಟ, ನಿಜ. ಅದಕ್ಕೆ ಜಾಕೆಟ್, ಬ್ಯಾಗು, ಟೆಂಟು, ಎಲ್ಲದರ ಜಿಪ್ಪಿಗೂ ಬೆರಳುದ್ದದ ಲಾಡಿ ತುಂಡು ಕುಣಿಕೆ ಹಾಕಿ ಕಟ್ಟಿ. ಮಿಟನ್ ಹಾಕಿಕೊಂಡೇ ಎಳೆಯಬಹುದು. ಹತ್ತು ರೂಪಾಯಿಯ ಕೆಲಸ, ಉಳಿಸುವ ಬಿಸಿಗೆ ಬೆಲೆಯಿಲ್ಲ.

ಕೊಳ್ಳುವಾಗ ಮೂರೂ ಪದರ ಒಟ್ಟಿಗೆ ಹಾಕಿ ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿಯಲ್ಲಿ ಅರ್ಧ ಉಗುರಿನಷ್ಟು ಜಾಗ ಇರಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ. ರಕ್ತ ತೆಗೆಯುವ ಮುಂಚೆ ನಾವು ತೋಳಿಗೆ ಟೂರ್ನಿಕೆ ಪಟ್ಟಿ ಬಿಗಿದು ಕಟ್ಟುವುದೂ ಅದಕ್ಕೇ ತಾನೇ. ಮನೆಗೆ ಬಂದ ಮೇಲೆ ಬಕೆಟ್ ಪರೀಕ್ಷೆ: ತೆಳು ಗ್ಲೌಸ್ ಮೇಲೆ ಹೊರಕವಚ ಹಾಕಿ, ಮಣಿಕಟ್ಟಿನ ಕೆಳಗಿನವರೆಗೆ ನೀರಿನಲ್ಲಿ ಎರಡು ನಿಮಿಷ ಅದ್ದಿ ಮುಷ್ಟಿ ಬಿಗಿದು ಬಿಡಿ. ಹೊಲಿಗೆಯಲ್ಲಿ ಸೋರಿದರೆ ಅಲ್ಲೇ ಗೊತ್ತಾಗುತ್ತದೆ. ನಾನು ಮೊದಲು ತಂದದ್ದು ಹೆಬ್ಬೆರಳ ಬುಡದಲ್ಲಿ ಸೋರಿತು, ವಾಪಸ್ ಕೊಟ್ಟೆ. ಬಾಡಿಗೆಗೆ ಸಾಂಕ್ರಿಯಲ್ಲೂ ಸಿಗುತ್ತವೆ. ಅದನ್ನೂ ಹಾಕಿ ನೋಡದೆ ತೆಗೆದುಕೊಳ್ಳಬೇಡಿ.

ತೆಳು ಗ್ಲೌಸ್ ಮೂರು ಜೊತೆ ಇರಲಿ. ಒಂದು ಕೈಯಲ್ಲಿ, ಒಂದು ಒಣಗುತ್ತಿರುವುದು, ಮೂರನೆಯದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನ ತಳಕ್ಕೆ. ಅದು ಶಿಖರದ ರಾತ್ರಿಗೆ ಮೀಸಲು.

ಇನ್ನು ಲ್ಯಾಬಿನಿಂದ ಕದ್ದ ಉಪಾಯ. (ಕದ್ದಿಲ್ಲ, ಮೆಡಿಕಲ್ ಶಾಪಿನಲ್ಲಿ ಕೊಂಡೆ.) ನಾವು ರಕ್ತ ತೆಗೆಯುವಾಗ ಹಾಕುವ, ರಬ್ಬರಿನಂಥ ತೆಳು ನೈಟ್ರೈಲ್ ಗ್ಲೌಸನ್ನು ಎಲ್ಲಕ್ಕಿಂತ ಒಳಗೆ, ಚರ್ಮದ ಮೇಲೆ ಹಾಕಿದರೆ ಬೆವರು ಅಲ್ಲೇ ನಿಲ್ಲುತ್ತದೆ, ಮೇಲಿನ ಉಣ್ಣೆ ಒಣಗಿರುತ್ತದೆ. ನಿಮ್ಮ ಸೈಜಿಗಿಂತ ಒಂದು ದೊಡ್ಡದು ತೆಗೆದುಕೊಳ್ಳಿ. ಒಳಗೆ ಕೈ ಬಟ್ಟೆ ಒಗೆದವರ ಕೈಯ ಹಾಗೆ ಸುಕ್ಕಾಗುತ್ತದೆ, ಹಾಗಾಗಿ ಇಡೀ ದಿನಕ್ಕಲ್ಲ, ಶಿಖರದ ದಾರಿಯ ಎರಡು ಮೂರು ಗಂಟೆಗೆ ಮಾತ್ರ. ತೆಗೆದ ಕ್ಷಣವೇ ಕೈ ಒರೆಸಿ ಒಣ ಗ್ಲೌಸ್ ಹಾಕಬೇಕು. ಬರಿಗೈಯಲ್ಲಿ ಗಾಳಿಗೆ ಹಿಡಿದಿರೋ, ಕೆಟ್ಟಿರಿ.

ಮಣಿಕಟ್ಟಿಗೆ ಹಳೇ ಕಾಲುಚೀಲ

ಬೆರಳಿಗೆ ಹೋಗುವ ರಕ್ತ ದಾಟುವುದು ಮಣಿಕಟ್ಟನ್ನು, ಅಲ್ಲಿ ನಾಳ ಚರ್ಮಕ್ಕೆ ತೀರಾ ಹತ್ತಿರ. ಎರಡು ಬೆರಳಿಟ್ಟರೆ ನಾಡಿ ಸಿಗುತ್ತದಲ್ಲ, ಅಷ್ಟು ಹತ್ತಿರ. ಗ್ಲೌಸ್ ಮತ್ತು ಜಾಕೆಟ್ ತೋಳಿನ ನಡುವೆ ಅಲ್ಲೇ ಸಂದು ಬಿಡುತ್ತದೆ, ಹಿಮ ನುಗ್ಗುವುದೂ ಅಲ್ಲೇ.

ಹಿಮ್ಮಡಿ ಸವೆದ ಉಣ್ಣೆಯ ಕಾಲುಚೀಲ ಇದ್ದರೆ ಎಸೆಯಬೇಡಿ. ಪಾದದ ಭಾಗ ಕತ್ತರಿಸಿ, ಮೇಲಿನ ಎಲಾಸ್ಟಿಕ್ ಕೊಳವೆಯನ್ನು ಒಂದು ಗೇಣಿನಷ್ಟು ಉಳಿಸಿಕೊಳ್ಳಿ. ಕತ್ತರಿಸಿದ ಅಂಚಿನಿಂದ ಎರಡು ಬೆರಳು ಕೆಳಗೆ, ಹೆಬ್ಬೆರಳು ತೂರುವಷ್ಟು ಸೀಳು ಹಾಕಿ. ಎರಡೂ ಕಡೆ ಅಂಚನ್ನು ದಪ್ಪ ದಾರದಲ್ಲಿ ಸಡಿಲವಾಗಿ ಹೊಲಿಯಿರಿ. ಬಿಗಿ ಎಳೆದರೆ ಹಿಗ್ಗುವುದಿಲ್ಲ. ಬೆರಳ ಗೆಣ್ಣಿನಿಂದ ಮಣಿಕಟ್ಟಿನ ಮೇಲಿನವರೆಗೆ ಬರುತ್ತದೆ, ಎಲ್ಲ ಗ್ಲೌಸ್‌ಗಳ ಅಡಿಗೆ ಕೂರುತ್ತದೆ. ಟಿವಿ ನೋಡುತ್ತಾ ನಾನು ಮೂರು ಜೊತೆ ಮಾಡಿದೆ. ಬರಿಬೆರಳಲ್ಲಿ ಏನಾದರೂ ಕೆಲಸ ಮಾಡಬೇಕಾದಾಗ ಇದೊಂದೇ ಇದ್ದರೂ ಎಷ್ಟೋ ವಾಸಿ.

ಉಂಗುರ, ಬಳೆ, ಬಿಗಿ ಪಟ್ಟಿಯ ವಾಚು ಮನೆಯಲ್ಲೇ ಬಿಟ್ಟು ಹೋಗಿ. ಎತ್ತರದಲ್ಲಿ ಬೆರಳು ಊದಿಕೊಳ್ಳುವುದುಂಟು, ಲೋಹ ಬೇರೆ ತಣ್ಣಗೆ. ಬರಿಗೈಯಲ್ಲಿ ಹೊರಟಿದ್ದಕ್ಕೆ ನಮ್ಮತ್ತೆ ಮುಖ ಊದಿಸಿಕೊಂಡಿದ್ದರು. ಬೆರಳು ಊದುವುದಕ್ಕಿಂತ ಅದು ಮೇಲು.

ಊಟ, ತಟ್ಟೆ, ಶೌಚ

ಕ್ಯಾಂಪಿನಲ್ಲಿ ಬಿಸಿ ಬಿಸಿ ಅನ್ನ, ದಾಲ್ ಬಡಿಸುತ್ತಾರೆ. ಕೈಯಲ್ಲಿ ಕಲಸಿ ಉಂಡರೇ ನಮಗೆ ಉಂಡ ಹಾಗೆ. ಆ ಕ್ಷಣಕ್ಕೆ ಬಿಸಿಯೂ ಹಿತವೇ. ಆಮೇಲೆ? ತೊಳೆಯಲು ನೀರು ಬೇಕು, ಆ ನೀರು ಸೊನ್ನೆಗೆ ಹತ್ತಿರ, ಒರೆಸಿದರೂ ಬೆರಳ ಸಂದಿಯಲ್ಲಿ ತೇವ, ಅದೇ ಕೈ ಗ್ಲೌಸ್ ಒಳಗೆ. ನಾಲ್ಕು ದಿನ ಚಮಚದಲ್ಲಿ ತಿನ್ನಿ. ಅದೂ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಲಿ. ಮೊದಲ ಸಲ ಸ್ಟೀಲ್ ಚಮಚ, ಸ್ಟೀಲ್ ಲೋಟ ಹಿಡಿದೇ ಅರ್ಧ ಬಿಸಿ ಕಳೆದುಕೊಂಡಿದ್ದೆ.

ತಟ್ಟೆಯನ್ನು ರೊಟ್ಟಿ ಚೂರಿನಿಂದ ಒರೆಸಿ ತಿಂದು, ಟಿಶ್ಯೂನಿಂದ ಉಜ್ಜಿ, ಕಡೆಗೆ ಅಡುಗೆ ಟೆಂಟಿನವರು ಕೊಟ್ಟ ಒಂದು ಲೋಟ ಬಿಸಿ ನೀರಿನಲ್ಲಿ ತೊಳೆಯಿರಿ. ಆಗ ನೈಟ್ರೈಲ್ ಗ್ಲೌಸ್ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯವರನ್ನು ನೋಡಿ, ಬರಿಗೈಯಲ್ಲೇ ಪಾತ್ರೆ ತೊಳೆಯುತ್ತಿರುತ್ತಾರೆ. ನಾನು ಮಿಕ್ಕಿದ್ದ ಒಂದು ಡಬ್ಬಿ ಅವರಿಗೆ ಕೊಟ್ಟು ಬಂದೆ.

ಸ್ಯಾನಿಟೈಸರ್ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಹೊರಗಿನಷ್ಟೇ ತಣ್ಣಗಾಗಿರುತ್ತದೆ, ಆರುವಾಗ ಇನ್ನಷ್ಟು ಬಿಸಿ ಎಳೆಯುತ್ತದೆ. ಪುಟ್ಟ ಬಾಟಲಿಯನ್ನು ಒಳಜೇಬಿನಲ್ಲಿಟ್ಟುಕೊಳ್ಳಿ, ಪೂರ್ತಿ ಆರಿದ ಮೇಲೇ ಗ್ಲೌಸ್ ಹಾಕಿ. ಶೌಚದ ಟೆಂಟಿಗೆ ಹೋಗುವಾಗ ಗ್ಲೌಸ್ ಎಲ್ಲಿಡುವುದು ಅಂತ ಹೆಂಗಸರು ಕೇಳುತ್ತಾರೆ. ನೆಲಕ್ಕೆ ಬಿತ್ತೆಂದರೆ ಮುಗಿಯಿತು. ಎರಡೂ ಮಿಟನ್‌ಗೆ ಉದ್ದದ ಲಾಡಿ ಕಟ್ಟಿ ಜಾಕೆಟ್ ತೋಳಿನೊಳಗಿಂದ ತೂರಿಸಿ, ಅಂಗನವಾಡಿ ಮಗುವಿನ ಕರವಸ್ತ್ರವನ್ನು ಪಿನ್ನು ಹಾಕಿ ಸಿಕ್ಕಿಸಿದ ಹಾಗೆ. ಬಿಟ್ಟರೆ ತೂಗಾಡುತ್ತದೆ, ಬೀಳುವುದಿಲ್ಲ. ಗಾಳಿಗೂ ಹಾರುವುದಿಲ್ಲ.

ಫೋಟೋ ಹುಚ್ಚಿಗೆ ಮದ್ದಿಲ್ಲ. ತೆಳು ಗ್ಲೌಸ್ ಕೈಯಲ್ಲೇ ಉಳಿಸಿ ಮಿಟನ್ ಮಾತ್ರ ತೆಗೆಯಿರಿ, ಹತ್ತು ಎಣಿಸುವಷ್ಟರಲ್ಲಿ ಮುಗಿಸಿ.

ರಾತ್ರಿ

ಹೆಪ್ಪುಗಟ್ಟುವ ಚಳಿಯಲ್ಲಿ ಹಗ್ಗದ ಮೇಲೆ ಏನೂ ಬೇಗ ಒಣಗದು. ಒಣಗಿಸುವ ಯಂತ್ರ ಒಂದೇ: ನಿಮ್ಮ ಹೊಟ್ಟೆ. ತೇವದ ಗ್ಲೌಸನ್ನು ಮೊದಲು ಹಿಂಡಿ, ಒಳಬಟ್ಟೆಯ ಮೇಲೆ, ಸ್ವೆಟರಿನ ಕೆಳಗೆ ಇಟ್ಟುಕೊಂಡೇ ಸಂಜೆ ಓಡಾಡಿ. ಊಟದ ಹೊತ್ತಿಗೆ ಮುಕ್ಕಾಲು ಒಣಗಿರುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ಸಿಂಥೆಟಿಕ್ ಕರಗುತ್ತದೆ, ಚರ್ಮದ್ದು ಮುದುಡುತ್ತದೆ.

ಮಲಗುವ ಮುಂಚೆ ಅಡುಗೆ ಟೆಂಟಿನಿಂದ ಬಾಟಲಿಗೆ ಬಿಸಿ ನೀರು ತುಂಬಿಸಿಕೊಳ್ಳಿ. ಥರ್ಮೋಸ್ ಇದಕ್ಕೆ ಪ್ರಯೋಜನವಿಲ್ಲ, ಅದು ಬಿಸಿಯನ್ನು ಹೊರಗೆ ಬಿಡುವುದೇ ಇಲ್ಲ. ಒಂದೇ ಪದರದ ಸ್ಟೀಲ್ ಬಾಟಲಿ ಬೇಕು. ಅಂಗಡಿಯ ನೀರಿನ ಬಾಟಲಿಯಾದರೆ ಬಿಸಿಗೆ ಮುದುಡಿಹೋಗುತ್ತದೆ. ಮುಚ್ಚಳ ಬಿಗಿದು, ಬಾಟಲಿ ತಲೆಕೆಳಗು ಮಾಡಿ ಸೋರುತ್ತದೆಯೇ ಪರೀಕ್ಷಿಸಿ, ಒಣ ಕಾಲುಚೀಲದೊಳಗೆ ಹಾಕಿ, ಸುತ್ತ ತೆಳು ಗ್ಲೌಸ್ ಹೊದಿಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಗ್ಲೌಸ್ ಒಣಗಿ ಬೆಚ್ಚಗಿರುತ್ತದೆ, ನೀರು ಕುಡಿಯಲು ಹದವಾಗಿರುತ್ತದೆ. ತೊಟ್ಟಿಕ್ಕುವಷ್ಟು ಒದ್ದೆ ಇದ್ದದ್ದನ್ನು ಮಾತ್ರ ಬ್ಯಾಗಿಗೆ ಹಾಕಬೇಡಿ, ಆ ನೀರೆಲ್ಲ ಹಾಸಿಗೆಗೇ ಇಳಿಯುತ್ತದೆ.

ಟೆಂಟಿನೊಳಗೆ ಒಲೆ, ಕೆಂಡ, ಸ್ಟೌ ಯಾವುದೂ ಕೂಡದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಇದರಲ್ಲಿ ಚೌಕಾಶಿಯಿಲ್ಲ.

ಮತ್ತೆ ಹೊಟ್ಟೆ ತುಂಬ ಉಣ್ಣಿ. ನನ್ನ ಲ್ಯಾಬಿನ ಖಾಲಿ ಹೊಟ್ಟೆಯವರನ್ನು ನೆನೆಸಿಕೊಳ್ಳಿ. ನಾನು ಅಂಟಿನ ಉಂಡೆ, ಶೇಂಗಾ ಚಿಕ್ಕಿಯನ್ನು ಮನೆಯಲ್ಲೇ ಅಡಿಕೆ ಹೋಳಿನಷ್ಟು ತುಂಡು ಮಾಡಿ, ಕವರು ಬಿಚ್ಚಿ, ಜಿಪ್ ಚೀಲಕ್ಕೆ ತುಂಬಿ ಒಯ್ದಿದ್ದೆ. ಮಿಟನ್ ಕೈಯಲ್ಲೇ ಬಾಯಿಗೆ ಸುರಿದುಕೊಳ್ಳಬಹುದು. ಸಿಗರೇಟು ರಕ್ತನಾಳವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ರಮ್ ಕುಡಿದರೆ ಬಿಸಿ ಅನ್ನಿಸುತ್ತದೆ, ನಿಜದಲ್ಲಿ ಮೈ ಬಿಸಿ ಚರ್ಮದ ಮೂಲಕ ಹೊರಗೆ ಹೋಗುತ್ತಿರುತ್ತದೆ.

ಬೆರಳು ಮಾತು ನಿಲ್ಲಿಸಿದಾಗ

ನೋವು ಇರುವವರೆಗೆ ಹೆದರಬೇಡಿ. ನೋವು ನಿಂತಾಗ ಹೆದರಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ ನೋಡುತ್ತಿರಿ. ಮುಟ್ಟಿಸಲು ಬಾರದಿದ್ದರೆ ಅಲ್ಲೇ ನಿಂತು ಕೈ ಬಿಸಿ ಮಾಡಬೇಕು. ಉಗುರು ಒತ್ತಿ ಬಿಡಿ: ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಗುಲಾಬಿಯಾಗಬೇಕು. ಚಳಿಯಲ್ಲಿ ಕೊಂಚ ತಡವಾಗುವುದು ಸಹಜ; ಬಿಳಿಯಾಗಿಯೇ ಉಳಿದರೆ ಸಹಜವಲ್ಲ.

ಆರಂಭದಲ್ಲಾದರೆ ತೋಳನ್ನು ಭುಜದಿಂದ ದೊಡ್ಡದಾಗಿ ಸುತ್ತ ಬೀಸಿ, ಇಪ್ಪತ್ತು ಮೂವತ್ತು ಸಲ. ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಆಮೇಲೆ ಕಂಕುಳು. ತಲೆಗೆ ಟೋಪಿ, ಎದೆಗೆ ಇನ್ನೊಂದು ಪದರ ಹಾಕಿ, ಮೈ ಬೆಚ್ಚಗಾಗದೆ ದೇಹ ಕೈಗೆ ರಕ್ತ ಬಿಡುವುದಿಲ್ಲ. ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಬೆಂಕಿಗೆ ಹಿಡಿಯಬೇಡಿ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳು ಮೇಣದಂತೆ ಬಿಳಿಚಿ ಗಟ್ಟಿಯಾಗಿದ್ದರೆ ಕೆಳಗಿಳಿದು ಆಸ್ಪತ್ರೆ ಸೇರಬೇಕು. ಅದನ್ನು 37ರಿಂದ 39 ಡಿಗ್ರಿ ನೀರಿನಲ್ಲಿ ಕರಗಿಸುತ್ತಾರೆ. ಒಮ್ಮೆ ಕರಗಿದ್ದು ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು, ಆದ್ದರಿಂದ ಬೆಟ್ಟದ ಮೇಲೆ ಅರ್ಧಂಬರ್ಧ ಮಾಡಬೇಡಿ.

ಎತ್ತರದ ಕಾಯಿಲೆ ಬಾರದಿರಲೆಂದು ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡವರಿಗೆ ಬೆರಳು, ತುಟಿ ಜುಮುಜುಮು ಅನ್ನುತ್ತದೆ. ಅದು ಮಾತ್ರೆಯ ಗುಣ, ಬೆಚ್ಚಗೆ ಕೂತಾಗಲೂ ಇರುತ್ತದೆ. ನಮ್ಮ ಗುಂಪಿನ ಹುಡುಗನೊಬ್ಬ ಇದಕ್ಕೇ ಬೆರಳು ಹೋಯಿತೆಂದು ರಾತ್ರಿಯಿಡೀ ಗೋಳಾಡಿದ. ಬೆಂಗಳೂರಿನ ಎಸಿ ಕೋಣೆಯಲ್ಲೇ ಬೆರಳು ಬಿಳಿ, ನೀಲಿ, ಕೆಂಪು ತಿರುಗುವವರಿದ್ದರೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ, ಅದಕ್ಕೆ ರೇನಾಡ್ ಅಂತ ಹೆಸರಿದೆ.

ಕೈ ಬಿಸಿ ಮಾಡುವ ಪೊಟ್ಟಣಗಳಲ್ಲಿ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಕಬ್ಬಿಣ ಗಾಳಿ ತಾಗಿ ತುಕ್ಕು ಹಿಡಿಯುವಾಗ ಬಿಸಿಯಾಗುತ್ತದೆ. ಬೇಕಾಗುವ ಕಾಲು ಗಂಟೆ ಮೊದಲೇ ಕವರು ಒಡೆಯಿರಿ. ಮೇಲೆ ಹೋದಂತೆ ಗಾಳಿ ತೆಳುವಾಗಿ ಬಿಸಿ ಕಡಿಮೆಯಾಗುತ್ತದೆ. ಅಂಗೈಗಿಂತ ಮಣಿಕಟ್ಟಿನ ಒಳಬದಿಗೆ, ತೆಳು ಗ್ಲೌಸ್ ಮೇಲೆ ಇಟ್ಟುಕೊಳ್ಳಿ, ಬರಿಚರ್ಮಕ್ಕೆ ಬೇಡ. ಒಳ್ಳೆಯದೇ, ಆದರೆ ಅದನ್ನೇ ನಂಬಿ ಹೋಗಬೇಡಿ.

ಊರಿಗೆ ಬಂದ ಮೇಲೆ

ಕೈ ಒಡೆದಿರುತ್ತದೆ. ನಮ್ಮ ಕಡೆ ಅದಕ್ಕೆ ಮುರುಗಲು ತುಪ್ಪ, ಅಂದರೆ ಮುರುಗಲು ಬೀಜದಿಂದ ತೆಗೆದ ಕೊಬ್ಬು. ಗಟ್ಟಿ ಉಂಡೆಯಾಗಿರುತ್ತದೆ, ಒಂದು ಚೂರನ್ನು ಅಂಗೈಯಲ್ಲಿ ತಿಕ್ಕಿ ಕರಗಿಸಿ, ಗೆಣ್ಣುಗಳಿಗೆ ಹಚ್ಚಿ ಮಲಗಿ. ಚಾರಣಕ್ಕೂ ಒಯ್ಯಬಹುದು, ರಾತ್ರಿ ಹಚ್ಚಲು. ಗ್ಲೌಸನ್ನು ಒಗೆದು ನೆರಳಿನಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ. ಮಲೆನಾಡಿನಲ್ಲಿ ಕಪಾಟಿನಲ್ಲಿಟ್ಟ ಉಣ್ಣೆಗೆ ಬೂಷ್ಟು ಬರಲು ಒಂದು ಮಳೆಗಾಲ ಸಾಕು.

ಕಾಲುಚೀಲದ ಮಣಿಕಟ್ಟಿನ ಪಟ್ಟಿಗಳಲ್ಲಿ ಒಂದು ಜೊತೆಯನ್ನು ತಿಂಗಳಿಗೊಮ್ಮೆ ಶುಗರ್ ಟೆಸ್ಟಿಗೆ ಬರುವ ಒಬ್ಬ ಅಜ್ಜಿಗೆ ಕೊಟ್ಟೆ. ಆಟೋದಲ್ಲಿ ಬರುವಾಗ ಹಾಕಿಕೊಂಡು ಬಂದರೆ ನರ ಒಂದೇ ಸಲಕ್ಕೆ ಸಿಗುತ್ತದೆ. ಮೊನ್ನೆ ಮರೆತು ಬಂದಿದ್ದರು. ಎರಡು ಸಲ ಚುಚ್ಚಬೇಕಾಯಿತು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು.